ಭಾನುವಾರ ಮದುವೆ, ಸೋಮವಾರ ವಜಾ

ನಾನು ಮತ್ತು ತುಂಗಾ ಮದುವೆಯಾದ ಭಾನುವಾರ ಊರಿನ ಅರ್ಧ ಜನ ರಿಜಿಸ್ಟ್ರಾರ್ ಕಚೇರಿಯ ಮುಂದೆ ಬಂದು ನಿಂತಿದ್ದರು. ಹರಸುವುದಕ್ಕೆಂದು ಬಂದವರು ಹತ್ತು ಹದಿನೈದು ಮಂದಿ ಇದ್ದಿರಬಹುದು. ಉಳಿದವರೆಲ್ಲ ಬಂದದ್ದು ನಾವು ಮೇಲೇಳುತ್ತೇವೋ ಇಲ್ಲವೋ ನೋಡುವುದಕ್ಕೆ.

ನಮ್ಮೂರಲ್ಲಿ ಮದುವೆಯ ಪುಸ್ತಕಕ್ಕೆ ಸಹಿ ಹಾಕಿದ ಜೋಡಿಯ ಕಾಲು ಇಪ್ಪತ್ತೊಂದು ದಿನ ನೆಲಕ್ಕೆ ತಾಗುವುದಿಲ್ಲ. ಕೆಲವರು ನಾಲ್ಕು ಬೆರಳು ಮೇಲೆ ನಿಲ್ಲುತ್ತಾರೆ, ಕೆಲವರು ಒಂದು ಗೇಣು, ಇನ್ನು ಕೆಲವರು ಕಟ್ಟಿಹಾಕದಿದ್ದರೆ ಸೂರಿನವರೆಗೂ ಹೋಗುತ್ತಾರೆ. ಅದಕ್ಕೇ ನಮ್ಮ ಅಂಗಡಿಗಳ ಸೂರಿನಿಂದ ಹಿಡಿದುಕೊಳ್ಳಲು ಹಗ್ಗ ಇಳಿಬಿಟ್ಟಿರುತ್ತಾರೆ, ಬಸ್ಸಿನ ಮುಂದಿನ ಎರಡು ಸೀಟಿಗೆ ಬೆಲ್ಟ್ ಇರುತ್ತದೆ, ಮದುವೆಗೆ ಉಡುಗೊರೆ ಕೊಡುವವರು ಸೊಂಟಕ್ಕೆ ಕಟ್ಟುವ ಮರಳಿನ ಚೀಲ ಕೊಡುತ್ತಾರೆ. ಬಡವರ ಮದುವೆಗೂ ಐದಾರು ಜೊತೆ ಚೀಲ ಬಂದೇ ಬರುತ್ತವೆ. ಕದ್ದು ಮದುವೆಯಾಗುವುದು ಮಾತ್ರ ನಮ್ಮಲ್ಲಿ ಯಾರಿಗೂ ಸಾಧ್ಯವಾಗಿಲ್ಲ.

ಕಳೆದ ಚಳಿಗಾಲದಲ್ಲಿ ಊರಿನ ಸಭೆ ಮದುವೆಯ ಕಾನೂನಿನಿಂದ 'ಒಬ್ಬ ಗಂಡು ಮತ್ತು ಒಬ್ಬ ಹೆಣ್ಣು' ಎನ್ನುವುದನ್ನು ಹೊಡೆದುಹಾಕಿ 'ಇಬ್ಬರು ವ್ಯಕ್ತಿಗಳು' ಎಂದು ಬರೆಯಿತು. ಎರಡು ತಿಂಗಳು ಜಗಳ, ಭಾಷಣ, ಮೆರವಣಿಗೆ ಎಲ್ಲ ನಡೆದಿತ್ತು. ಕಾನೂನು ಪಾಸಾದ ಮೇಲೆ ಹೊಸ ಚರ್ಚೆ ಶುರುವಾಯಿತು. ಸಭೆಯವರು ಕಾಗದದ ಮೇಲೆ ಬರೆದುಬಿಟ್ಟರು ಸರಿ, ಇಬ್ಬರು ಹೆಂಗಸರು ಸಹಿ ಹಾಕಿದರೆ ನಿಜಕ್ಕೂ ಮೇಲೇಳುತ್ತಾರಾ? ಹೋಟೆಲುಗಳಲ್ಲಿ, ಕ್ಷೌರದಂಗಡಿಗಳಲ್ಲಿ ಇದೇ ಮಾತು. ನಮ್ಮ ಬಿಸ್ಕತ್ ಕಾರ್ಖಾನೆಯ ಯೂನಿಯನ್ ಕಾರ್ಯದರ್ಶಿ ಕೆಂಚಣ್ಣ, ಏಳುವುದಿಲ್ಲ ಎಂದು ತನ್ನ ಮೀಸೆಯನ್ನೇ ಪಣಕ್ಕಿಟ್ಟಿದ್ದ. ಆ ಮೀಸೆ ಸಣ್ಣದೇನಲ್ಲ. ಎರಡೂ ಕಡೆ ತುದಿ ತಿರುವಿ ಕಿವಿಯ ಹತ್ತಿರಕ್ಕೆ ಒಯ್ದಿದ್ದ.

ತುಂಗಾಳಿಗೆ ಹಳೆ ಬಸ್‌ಸ್ಟ್ಯಾಂಡಿನ ಹಿಂದೆ ಹೊಲಿಗೆ ಅಂಗಡಿಯಿದೆ. ಆರು ವರ್ಷದ ಹಿಂದೆ ನಾನು ಅವಳ ಹತ್ತಿರ ರವಿಕೆ ಹೊಲಿಯಲು ಕೊಟ್ಟೆ. ತೋಳು ಬಿಗಿಯಾಗಿತ್ತು. ಬಿಚ್ಚಿ ಹೊಲಿದು ಕೊಟ್ಟಳು, ಮತ್ತೂ ಬಿಗಿ. ಮೂರನೇ ಸಲವೂ ಹಾಗೇ ಆದಾಗ ನನಗೆ ಸಿಟ್ಟು ಬಂದು, "ಏನಮ್ಮಾ, ನಿಮಗೆ ಅಳತೆ ತಗೊಳ್ಳೋಕೆ ಬರುತ್ತೋ ಇಲ್ವೋ?" ಎಂದೆ. ಅವಳು ಬಾಯಲ್ಲಿ ಕಚ್ಚಿದ್ದ ಗುಂಡುಪಿನ್ನು ತೆಗೆದು, "ಸರಿಯಾಗಿ ಹೊಲಿದುಬಿಟ್ರೆ ನೀವು ಮತ್ತೆ ಬರಲ್ವಲ್ಲ" ಎಂದಳು. ಆ ರವಿಕೆ ಇವತ್ತಿಗೂ ಬಿಗಿಯಾಗೇ ಇದೆ.

ರಿಜಿಸ್ಟ್ರಾರ್ ಮೊದಲು ತುಂಗಾಳ ಕೈಗೆ ಪೆನ್ನು ಕೊಟ್ಟರು, ಆಮೇಲೆ ನನಗೆ. 'ಕಮಲಾಕ್ಷಿ' ಎಂದು ಬರೆದು ಕೊನೆಯ ಗೆರೆ ಎಳೆದೆ. ಹೊರಗಿದ್ದವರು ಕಿಟಕಿಯ ಸರಳಿಗೆ ಮುಖ ಒತ್ತಿದರು. ನಾನು ಕಾಲು ನೋಡಿಕೊಂಡೆ. ಚಪ್ಪಲಿ ನೆಲದ ಮೇಲೇ ಇತ್ತು. ತುಂಗಾ ನನ್ನ ಮುಖ ನೋಡಿದಳು. "ಇರಲಿ ಬಿಡೇ" ಎಂದು ನಾನು ಹೇಳುವಷ್ಟರಲ್ಲಿ ಅಪ್ಪ, "ಅಯ್ಯಯ್ಯೋ, ಹಿಡ್ಕೊಳ್ರೋ!" ಎಂದು ಕೂಗಿದರು. ಚಪ್ಪಲಿ ನೆಲದ ಮೇಲೇ ಇತ್ತು ನಿಜ, ಆದರೆ ನನ್ನ ಪಾದ ಅದರೊಳಗಿರಲಿಲ್ಲ. ನಾವಿಬ್ಬರೂ ಒಂದೂವರೆ ಮೊಳ ಮೇಲೆ ಹೋಗಿದ್ದೆವು, ಇನ್ನೂ ಏರುತ್ತಲೇ ಇದ್ದೆವು. ರಿಜಿಸ್ಟ್ರಾರರ ತಲೆ ನನ್ನ ಎದೆಯ ಮಟ್ಟಕ್ಕಿತ್ತು. ತಂದಿದ್ದ ಹಗ್ಗ ಗಿಡ್ಡವಾಗಿ, ಅಪ್ಪ ತಮ್ಮ ಪಂಚೆಯ ಮೇಲಿನ ಬೆಲ್ಟ್ ಬಿಚ್ಚಿ ಗಂಟು ಹಾಕಿದರು. ಹೊರಗೆ ಎದ್ದ ಗದ್ದಲದಲ್ಲಿ ಹರಸಿದವರು ಯಾರು, ಬೈದವರು ಯಾರು ತಿಳಿಯಲಿಲ್ಲ. ಯಾರೋ ಕೆಂಚಣ್ಣನನ್ನು ಎತ್ತಿಕೊಂಡೇ ಕ್ಷೌರದಂಗಡಿಗೆ ಓಡಿದ್ದು ಮಾತ್ರ ಮೇಲಿನಿಂದ ಚೆನ್ನಾಗಿ ಕಾಣಿಸಿತು.

ಆ ದಿನ ಊಟಕ್ಕೆ ಕೂತಾಗ ನಮ್ಮ ತೊಡೆಯ ಮೇಲೆ ಒಂದೊಂದು ರುಬ್ಬುವ ಗುಂಡು ಇಟ್ಟಿದ್ದರು. ನಕ್ಕೂ ನಕ್ಕೂ ತುಂಗಾ ಎರಡು ಸಲ ಗುಂಡು ಜಾರಿಸಿಕೊಂಡು ಸೂರಿಗೆ ತಲೆ ಹೊಡೆಸಿಕೊಂಡಳು.

ಮದುವೆಯಾದವರಿಗೆ ನಮ್ಮಲ್ಲಿ ತೇಲುರಜೆ ಎಂದು ಕೊಡುತ್ತಾರೆ. ಇಪ್ಪತ್ತೊಂದು ದಿನ, ಸಂಬಳ ಸಮೇತ. ಕಾಲು ನೆಲದಲ್ಲಿಲ್ಲದವರನ್ನು ಯಂತ್ರದ ಹತ್ತಿರ ಬಿಡಬಾರದೆಂದು ಹಿಂದಿನಿಂದಲೂ ಇರುವ ನಿಯಮ. ಸೋಮವಾರ ಬೆಳಿಗ್ಗೆ ಅರ್ಜಿ ಕೊಡಲೆಂದು ನಾನು ಸೊಂಟಕ್ಕೆ ನಾಲ್ಕು ಚೀಲ ಕಟ್ಟಿಕೊಂಡು, ಬೇಲಿ ಹಿಡಿದು, ಗೋಡೆ ಹಿಡಿದು ಕಾರ್ಖಾನೆಗೆ ಹೋದೆ. ಹನ್ನೆರಡು ವರ್ಷದಿಂದ ನಾನು ಅಲ್ಲಿ ಬೆಲ್ಟಿನ ಮೇಲೆ ಸಾಲಾಗಿ ಬರುವ ಬಿಸ್ಕತ್ತಿನಲ್ಲಿ ಮುರಿದದ್ದು, ಸೀದದ್ದು ಹೆಕ್ಕುತ್ತಿದ್ದೆ. ಗೇಟಿನವನು ಸೆಲ್ಯೂಟ್ ಹೊಡೆದ. ಪ್ಯಾಕಿಂಗಿನ ಹುಡುಗಿಯರು ಕಿಟಕಿಯಿಂದ ಕೈ ಬೀಸಿದರು. ನಾಲ್ಕೈದು ಜನ ಮುಖ ತಿರುಗಿಸಿಕೊಂಡದ್ದೂ ಕಂಡಿತು.

ಮ್ಯಾನೇಜರ್ ಶಾಮಣ್ಣನವರು ಅರ್ಜಿ ಓದಿದರು. 'ಗಂಡನ ಹೆಸರು' ಎಂದಿದ್ದ ಜಾಗದಲ್ಲಿ ನಾನು 'ಗಂಡನ' ಹೊಡೆದು ತುಂಗಾ ಎಂದು ಬರೆದಿದ್ದೆ.

"ಫಾರಂ ಹಾಳು ಮಾಡಿದ್ದೀಯಲ್ಲಮ್ಮ" ಎಂದರು.

"ಬೇರೆ ಜಾಗ ಇರಲಿಲ್ಲ ಸಾರ್."

"ಇರಲ್ಲ. ಯಾಕಂದ್ರೆ ಕಾರ್ಖಾನೆಯಲ್ಲಿ ಅದಕ್ಕೆ ಜಾಗ ಇಲ್ಲ." ಮೇಜಿನ ಡ್ರಾಯರಿನಿಂದ ಒಂದು ಕವರು ತೆಗೆದರು. ಟೈಪು ಮಾಡಿ ಮೊದಲೇ ಇಟ್ಟಿದ್ದರು. "ಮಾಲೀಕರಿಗೆ ವಿಷಯ ಗೊತ್ತಾಗಿದೆ. ನಾಳೆಯಿಂದ ನೀನು ಬರಬೇಕಾಗಿಲ್ಲ. ಕ್ವಾರ್ಟರ್ಸು ಹದಿನೈದು ದಿನದಲ್ಲಿ ಬಿಡಬೇಕು."

"ನಾನೇನು ತಪ್ಪು ಮಾಡಿದೆ ಸಾರ್? ಮದುವೆ ಕಾನೂನು ಪ್ರಕಾರ ಆಗಿದೆ."

"ಆಗಿದೆ, ಯಾರು ಇಲ್ಲ ಅಂದ್ರು? ಮದುವೆ ಆಗೋದು ನಿನ್ನ ಹಕ್ಕು. ಯಾರನ್ನ ಇಟ್ಕೊಳ್ಳೋದು ಯಾರನ್ನ ಬಿಡೋದು ಅನ್ನೋದು ನಮ್ಮ ಹಕ್ಕು." ಹಾಗೆ ಹೇಳಿದರೂ ಅವರು ನನ್ನ ಮುಖ ನೋಡುತ್ತಿರಲಿಲ್ಲ. ನೋಡಬೇಕಾದರೆ ಕತ್ತು ಎತ್ತಬೇಕಿತ್ತು, ಅದೂ ಒಂದು ಕಾರಣ ಇರಬಹುದು.

ಮನೆಗೆ ಬಂದು ಚೀಲ ಬಿಚ್ಚಿ ಎಸೆದೆ. ಸೂರಿನವರೆಗೆ ಹೋಗಿ ಅಲ್ಲೇ ಒರಗಿಕೊಂಡು ಅತ್ತೆ. ಕ್ವಾರ್ಟರ್ಸೆಂದರೆ ಒಂದು ಕೋಣೆ, ಒಂದು ಅಡಿಗೆಮನೆ. ಆದರೆ ಆ ಮನೆಯ ಕಿಟಕಿಯ ಪರದೆ ತುಂಗಾ ಹೊಲಿದದ್ದು, ಗೋಡೆಯ ಹಸಿರು ಬಣ್ಣ ನಾವಿಬ್ಬರೂ ಬಳಿದದ್ದು. ತುಂಗಾ ಅಡಿಗೆಮನೆಯಿಂದ ತೇಲಿಕೊಂಡು ಬಂದು ನನ್ನ ಪಕ್ಕದಲ್ಲಿ ನಿಂತಳು. "ಅಲ್ನೋಡು, ಫ್ಯಾನಿನ ರೆಕ್ಕೆ ಮೇಲೆ ಎಷ್ಟು ಧೂಳಿದೆ" ಎಂದು ಸೆರಗಿನಿಂದ ಒರೆಸತೊಡಗಿದಳು. ಅಳುತ್ತಿದ್ದ ನನಗೆ ನಗು ಬಂದುಬಿಟ್ಟಿತು.

ಅಷ್ಟರಲ್ಲಿ ಬಾಗಿಲಲ್ಲಿ ಯಾರೋ ಬಂದರು. ಬೋಳು ಬೋಳು ಮುಖ. ಗುರುತೇ ಸಿಗಲಿಲ್ಲ. ಮಾತಾಡಿದ ಮೇಲೆ ಗೊತ್ತಾಯಿತು, ಕೆಂಚಣ್ಣ.

"ನೋಡಮ್ಮ ಕಮಲಾಕ್ಷಿ" ಎಂದ ಕತ್ತೆತ್ತಿ. "ನಿನ್ನ ಮದುವೆ ಬಗ್ಗೆ ನನಗೆ ಇನ್ನೂ ಪೂರ್ತಿ ಒಪ್ಪಿಗೆ ಇಲ್ಲ. ಮೀಸೆ ಹೋದ ಮೇಲಂತೂ ಸುತರಾಂ ಇಲ್ಲ. ಆದ್ರೆ ನೀನು ಹನ್ನೆರಡು ವರ್ಷ ಯೂನಿಯನ್ ಮೆಂಬರು. ನನ್ನ ಮೆಂಬರನ್ನ ಕಾರಣ ಕೊಡದೆ ಕಿತ್ತಾಕೋಕೆ ನಾನು ಬಿಡಲ್ಲ. ಕೆಳಗಿಳಿ, ಮಾತಾಡೋಣ."

ಪರದೆ ಹಿಡಿದು ಇಳಿದು, ಸೊಂಟಕ್ಕೆ ಚೀಲ ಕಟ್ಟಿಕೊಂಡು ಕೂತೆವು. ಕೆಂಚಣ್ಣ ಚಾಪೆಯ ಮೇಲೆ ಕಾನೂನಿನ ಪುಸ್ತಕ ಹರವಿಕೊಂಡ. ಎಲ್ಲ ಹುಡುಕಿದ ಮೇಲೆ ಅವನ ಮುಖ ಇಳಿಯಿತು. ಮದುವೆಯ ಕಾನೂನನ್ನು ಸಭೆಯವರು ತಿದ್ದಿದ್ದರು. ಕೆಲಸದ ಕಾನೂನನ್ನು ಮುಟ್ಟಿರಲಿಲ್ಲ. ಯಾರನ್ನು ಮದುವೆಯಾದೆ ಎಂಬ ಕಾರಣಕ್ಕೆ ಕೆಲಸದಿಂದ ತೆಗೆಯಬಾರದೆಂದು ಅದರಲ್ಲಿ ಎಲ್ಲೂ ಬರೆದಿರಲಿಲ್ಲ.

"ಎರಡು ಕಾನೂನಿನ ಮಧ್ಯೆ ಒಂದು ಹಳ್ಳ ಇದೆ ಕಣಮ್ಮ. ನೀನು ಸರಿಯಾಗಿ ಅದರಲ್ಲಿ ಬಿದ್ದಿದ್ದೀಯ."

"ಬೀಳೋದು ಹೇಗಣ್ಣ, ಕಾಲೇ ನೆಲಕ್ಕೆ ತಾಗ್ತಿಲ್ಲ" ಎಂದಳು ತುಂಗಾ. ಕೆಂಚಣ್ಣ ನಗಲಿಲ್ಲ. ಪುಟ ತಿರುಗಿಸಿದ.

"ಒಂಬತ್ತನೇ ಕಲಮು ಒಂದಿದೆ. ಗಂಡು ಅಥವಾ ಹೆಣ್ಣು ಎಂಬ ಕಾರಣಕ್ಕೆ ಯಾರನ್ನೂ ಕೆಲಸದಿಂದ ತೆಗೆಯತಕ್ಕದ್ದಲ್ಲ. ನಲವತ್ತು ವರ್ಷದ ಹಿಂದೆ ಒಲೆ ವಿಭಾಗದ ಹೆಂಗಸರು ಮುಷ್ಕರ ಮಾಡಿ ಮಾಡಿಸಿಕೊಂಡಿದ್ದು. ಆದ್ರೆ ಶಾಮಣ್ಣ ನಿನ್ನನ್ನ ಹೆಣ್ಣು ಅಂತ ತೆಗೆದಿಲ್ವಲ್ಲ. ಕಾರ್ಖಾನೆಯಲ್ಲಿ ಅರ್ಧಕ್ಕರ್ಧ ಹೆಂಗಸರೇ."

ತುಂಗಾ ಎಲೆಯಡಿಕೆ ಮಡಚುತ್ತಿದ್ದಳು. "ಕೆಂಚಣ್ಣ, ಪ್ಯಾಕಿಂಗಿನಲ್ಲಿ ಈರಣ್ಣ ಅಂತ ಇದಾನಲ್ಲ, ಅವನ ಅಂಗಿ ನಾನೇ ಹೊಲಿದದ್ದು. ಹೋದ ವಾರ ಮದುವೆ ಆಯ್ತು. ಅವನಿಗೆ ರಜೆ ಸಿಕ್ತಾ?"

"ಸಿಕ್ತು. ಶಾಮಣ್ಣ ಕೈ ಕುಲುಕಿ ಕಳಿಸಿದರು."

"ಅವನು ಯಾರನ್ನ ಮದುವೆ ಆದ?"

"ಒಂದು ಹುಡುಗೀನ."

"ಕಮಲಾಕ್ಷಿ ಯಾರನ್ನ ಆದಳು?"

"ನಿನ್ನನ್ನ."

"ನಾನು ಏನು?"

"ಹುಡುಗಿ... ಹೆಂಗಸು."

"ಹಾಗಾದ್ರೆ ಇಬ್ಬರೂ ಮಾಡಿದ್ದು ಒಂದೇ ಕೆಲಸ. ಅವನಿಗೆ ರಜೆ, ಇವಳಿಗೆ ವಜಾ. ಅವನಿಗೂ ಇವಳಿಗೂ ಏನು ವ್ಯತ್ಯಾಸ?"

ಕೆಂಚಣ್ಣನ ಕೈ ತಾನಾಗಿ ಮೀಸೆ ತಿರುವಲು ಹೋಗಿ ಬರಿಯ ಚರ್ಮ ಸವರಿತು. "ಅವನು ಗಂಡು" ಎಂದ ನಿಧಾನವಾಗಿ. "ಇವಳು ಹೆಣ್ಣು." ಆಮೇಲೆ ಪುಸ್ತಕವನ್ನು ಎತ್ತಿ ಕಣ್ಣಿಗೊತ್ತಿಕೊಂಡು, "ಅಮ್ಮಾ ತಾಯೀ, ನೀನು ಹೊಲಿಗೆ ಅಂಗಡಿಯಲ್ಲಿ ಯಾಕೆ ಕೂತಿದ್ದೀಯ!" ಎಂದು ಎದ್ದವನು ಚಪ್ಪಲಿ ಮೆಟ್ಟದೆಯೇ ಓಡಿದ.

ಕಾರ್ಮಿಕ ಅಧಿಕಾರಿಯ ಮುಂದೆ ವಿಚಾರಣೆ ಬಂದದ್ದು ಮುಂದಿನ ವಾರ. ಜುಬೇದಾ ಮೇಡಂ ಎಂದು ಅಧಿಕಾರಿಯ ಹೆಸರು. ದಪ್ಪ ಕನ್ನಡಕ, ಮೆಲ್ಲಗಿನ ದನಿ, ಯಾರ ಮಾತಿಗೂ ನಗದವರು ಎಂದು ಹೆಸರಾಗಿದ್ದರು. ಈರಣ್ಣ ಸಾಕ್ಷಿಗೆ ಬರಬೇಕಿತ್ತು. ಅವನು ನಾಚಿಕೆ ಸ್ವಭಾವದವನು. ಕೆಲಸ ಹೋದರೆ ಏನು ಗತಿ ಎಂಬ ಹೆದರಿಕೆ ಬೇರೆ. ಬರುವುದಿಲ್ಲವೆಂದೇ ಹೇಳಿದ್ದನಂತೆ. ಅವನ ಹೆಂಡತಿ ಮಲ್ಲವ್ವ, "ನೀವು ಬರದಿದ್ರೆ ನಾನೊಬ್ಬಳೇ ತೇಲ್ಕೊಂಡು ಹೋಗ್ತೀನಿ" ಎಂದು ಹಗ್ಗ ಬಿಚ್ಚಿಕೊಂಡು ಹೊರಟಿದ್ದಕ್ಕೆ ಹಿಂದೆಯೇ ಬಂದ. ಹೀಗೆ ವಿಚಾರಣೆಯ ಹಾಲಿನಲ್ಲಿ ನಾವು ನಾಲ್ಕು ಜನ ತೇಲುವವರು ಕುರ್ಚಿಗಳಿಗೆ ಕಟ್ಟಿಸಿಕೊಂಡು ಕೂತಿದ್ದೆವು. ತೇಲುವವರಿದ್ದ ಕಡೆ ಫ್ಯಾನು ಹಾಕುವಂತಿಲ್ಲ. ಬೇಸಿಗೆ. ಕಾರ್ಖಾನೆಯ ಲಾಯರು ಕರಿಕೋಟಿನೊಳಗೆ ಬೇಯುತ್ತಿದ್ದರು. ಶಾಮಣ್ಣನವರ ಕರ್ಚೀಫು ಹಿಂಡುವಂತಾಗಿತ್ತು.

ಮೇಡಂ ಶಾಮಣ್ಣನವರನ್ನು ಎಬ್ಬಿಸಿ ಕೇಳಿದರು. "ಕಮಲಾಕ್ಷಿಯವರ ಕೆಲಸದ ಬಗ್ಗೆ ದೂರು ಏನಾದರೂ ಇತ್ತೇ?"

"ಇಲ್ಲ ಮೇಡಂ. ಸೀದ ಬಿಸ್ಕತ್ತು ಅವಳ ಕಣ್ಣು ತಪ್ಪಿಸಿ ಹೋಗ್ತಿರಲಿಲ್ಲ." ಹೇಳಿದ ಮೇಲೆ ಹೇಳಬಾರದಿತ್ತೇನೋ ಎಂಬಂತೆ ಲಾಯರ ಕಡೆ ನೋಡಿದರು.

"ಈರಣ್ಣನವರಿಗೆ ರಜೆ ಕೊಟ್ಟಿರಿ. ಯಾಕೆ?"

"ಮದುವೆಯಾಯ್ತಲ್ಲ ಮೇಡಂ."

"ಯಾರ ಜೊತೆ?"

"ಮಲ್ಲವ್ವನ ಜೊತೆ. ಹೆಣ್ಣುಮಗಳು."

"ಈರಣ್ಣನವರ ಜಾಗದಲ್ಲಿ ಒಬ್ಬ ಹೆಂಗಸಿದ್ದು, ಇದೇ ಮಲ್ಲವ್ವನನ್ನು ಮದುವೆಯಾಗಿದ್ದರೆ?"

ಶಾಮಣ್ಣನವರು ಮತ್ತೆ ಲಾಯರ ಕಡೆ ತಿರುಗಿದರು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಮಲ್ಲವ್ವ ನಾಚಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಆಗ ಲಾಯರು ಎದ್ದು, "ಮೇಡಂ, ಗಂಡಸೊಬ್ಬ ಗಂಡಸನ್ನು ಮದುವೆಯಾಗಿದ್ದರೂ ನಾವು ತೆಗೆಯುತ್ತಿದ್ದೆವು. ಗಂಡಿಗೂ ಹೆಣ್ಣಿಗೂ ಒಂದೇ ನ್ಯಾಯ. ಇದರಲ್ಲಿ ತಾರತಮ್ಯ ಎಲ್ಲಿ ಬಂತು?" ಎಂದರು.

ಅದನ್ನು ಕೇಳಿ ನನಗೂ ಆ ಮಾತು ಸರಿಯೇ ಇದೆಯೇನೋ ಅನ್ನಿಸಿಬಿಟ್ಟಿತು. ತುಂಗಾ ನನ್ನ ಕೈ ಹಿಡಿದಳು. ಕೆಂಚಣ್ಣ ಗಡಿಬಿಡಿಯಲ್ಲಿ ಕಾಗದ ತಿರುವುತ್ತಿದ್ದ.

ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. "ಲಾಯರ್ ಸಾಹೇಬರೇ, ಒಬ್ಬಳನ್ನು ಹೆಣ್ಣಾಗಿದ್ದಕ್ಕೆ ತೆಗೆದಿರಿ. ಇನ್ನೊಬ್ಬನನ್ನು ಗಂಡಾಗಿದ್ದಕ್ಕೆ ತೆಗೆಯುತ್ತೇವೆ ಅಂತೀರಿ. ಅಂದರೆ ಕಾನೂನನ್ನು ಒಂದು ಸಲ ಮುರಿದದ್ದು ಸಾಲದು, ಎರಡು ಸಲ ಮುರಿಯುತ್ತೇವೆ, ಆದ್ದರಿಂದ ಬಿಟ್ಟುಬಿಡಿ ಅಂತ ಕೇಳುತ್ತಿದ್ದೀರಾ?"

ಲಾಯರು ಕೂತರು.

ಮೇಡಂ ಅಲ್ಲೇ ಬರೆಸಿದರು. ವಜಾ ರದ್ದು. ತೇಲುರಜೆ ಪೂರ್ತಿ ಕೊಡತಕ್ಕದ್ದು. ಕ್ವಾರ್ಟರ್ಸಿನಿಂದ ಎಬ್ಬಿಸತಕ್ಕದ್ದಲ್ಲ. ಇನ್ನು ಮುಂದೆ ಕಾರ್ಖಾನೆಯ ಫಾರಂಗಳಲ್ಲಿ ಗಂಡ, ಹೆಂಡತಿ ಎಂದಿರುವ ಕಡೆಯೆಲ್ಲ ಬಾಳಸಂಗಾತಿ ಎಂದು ಓದಿಕೊಳ್ಳತಕ್ಕದ್ದು, ರಜೆಗೂ ಆಸ್ಪತ್ರೆಯ ಚೀಟಿಗೂ ಪಿಂಚಣಿಗೂ ಅದೇ ಅನ್ವಯ. ಬರೆದುಕೊಳ್ಳುತ್ತಿದ್ದ ಗುಮಾಸ್ತ ಕೊನೆಯ ಸಾಲಿಗೆ ಚುಕ್ಕೆ ಇಟ್ಟು, ಸಂಭ್ರಮದಲ್ಲೋ ಸೆಕೆಯಲ್ಲೋ ಎದ್ದು ಫ್ಯಾನಿನ ಗುಂಡಿ ಒತ್ತಿಬಿಟ್ಟ.

ಗಾಳಿ ನಮ್ಮನ್ನು ಎಲ್ಲಿಗೆ ಬೇಕೋ ಅಲ್ಲಿಗೆ ಎಳೆಯಿತು. ಕುರ್ಚಿ ಸಮೇತ ಮೊದಲು ಈರಣ್ಣ ಹೊರಟ, ಅವನ ಹಿಂದೆ ಮಲ್ಲವ್ವ. ತುಂಗಾಳ ಗಂಟು ಬಿಚ್ಚಿಕೊಂಡು ಅವಳು ನನ್ನ ಜಡೆ ಹಿಡಿದಳು. ನಾಲ್ಕೂ ಜನ ಹಾಲಿನೊಳಗೆ ಗಿರಗಿರ ಸುತ್ತಿದೆವು. ಕಡತದ ಕಾಗದಗಳು ಜೊತೆಗೇ ಹಾರುತ್ತಿದ್ದವು. ಕೆಂಚಣ್ಣ ಕೆಳಗಿನಿಂದ, "ಆರ್ಡರ್ ಹಿಡೀರಿ, ಆರ್ಡರ್ ಹಿಡೀರಿ!" ಎಂದು ಕೂಗುತ್ತ ಬೆಂಚಿನಿಂದ ಬೆಂಚಿಗೆ ಹಾರುತ್ತಿದ್ದ. ಶಾಮಣ್ಣನವರು ಏನು ಮಾಡಲೂ ತೋಚದೆ, ಹತ್ತಿರಕ್ಕೆ ಬಂದ ನನ್ನ ಕಾಲು ಹಿಡಿದುಕೊಂಡು ನಿಂತರು. ಬೇರೆ ಯಾರಾದರೂ ನೋಡಿದ್ದರೆ ಕ್ಷಮೆ ಕೇಳುತ್ತಿದ್ದಾರೆ ಅಂದುಕೊಳ್ಳುತ್ತಿದ್ದರು. ಯಾರೋ ಫ್ಯಾನು ಆರಿಸಿದಾಗ ಮೇಲಿನಿಂದ ನೋಡಿದೆ. ಜುಬೇದಾ ಮೇಡಂ ಮೇಜಿನ ಮೇಲೆ ತಲೆಯಿಟ್ಟು, ಭುಜ ಕುಲುಕಿಸಿಕೊಂಡು ನಗುತ್ತಿದ್ದರು.

ರಜೆ ಮುಗಿಸಿ ನಾನು ಕೆಲಸಕ್ಕೆ ಹೋದ ದಿನ ಆ ಆದೇಶವನ್ನು ಕಾರ್ಖಾನೆಯ ನೋಟೀಸು ಬೋರ್ಡಿಗೆ ಅಂಟಿಸಿದ್ದರು. ಮುಖ ತಿರುಗಿಸಿದವರಲ್ಲಿ ಇಬ್ಬರು ಈಗಲೂ ನನ್ನ ಹತ್ತಿರ ಮಾತಾಡುವುದಿಲ್ಲ. ಬೆಲ್ಟಿನ ಮೇಲೆ ಬಿಸ್ಕತ್ತು ಬರುತ್ತದೆ, ನಾನು ಹೆಕ್ಕುತ್ತೇನೆ, ಅವರು ಹೆಕ್ಕುತ್ತಾರೆ. ಕೆಲಸ ನಡೆಯುತ್ತದೆ.

ಮೂರನೆಯ ದಿನವೋ ನಾಲ್ಕನೆಯ ದಿನವೋ ಊಟದ ಹೊತ್ತಿನಲ್ಲಿ ಒಲೆ ವಿಭಾಗದ ಸಾಕಮ್ಮ ನನ್ನನ್ನು ಬೋರ್ಡಿನ ಹತ್ತಿರ ಕರೆದರು. ಮೂವತ್ತಮೂರು ವರ್ಷದಿಂದ ಒಲೆಯ ಮುಂದೆ ನಿಂತು ಬೆಂದ ಹೆಂಗಸು. ನಿವೃತ್ತಿಗೆ ಎರಡೇ ತಿಂಗಳಿತ್ತು. ಅವರು ಒಂದು ಮಾತಾಡಿದ್ದನ್ನು ನಾನು ಅಪರೂಪಕ್ಕೆ ಕೇಳಿದ್ದೆ.

"ಕನ್ನಡಕ ತಂದಿಲ್ಲ. ಇದೊಂಚೂರು ಓದವ್ವ. ಪಿಂಚಣಿ ಅಂತ ಏನೋ ಐತಂತಲ್ಲ."

ಓದಿದೆ. ಇನ್ನೊಂದು ಸಲ ಓದಲು ಹೇಳಿದರು. ಓದಿದೆ.

"ನಾನು ಲಕ್ಕವ್ವ ಒಂದೇ ಮನೇಲಿರೋದು. ಮೂವತ್ತೊಂದು ವರ್ಷ ಆಯ್ತು" ಎಂದರು ಬೋರ್ಡನ್ನೇ ನೋಡುತ್ತ. "ಕೇಳಿದೋರಿಗೆ ಬಾಡಿಗೆ ಹಂಚ್ಕೊಳೋಕೆ ಅಂತೀವಿ. ನಾನು ಸತ್ರೆ ಪಿಂಚಣಿ ನಮ್ಮ ತಮ್ಮನ ಮಗನಿಗಂತೆ. ಅವನ ಮುಖ ನೋಡಿ ಹದಿನಾಲ್ಕು ವರ್ಷ ಆಗೈತೆ. ಲಕ್ಕವ್ವಂಗೆ ಒಂದು ಕಾಸಿಲ್ಲ. ಸಹಿ ಹಾಕಿದ್ರೆ ಅವಳಿಗೇ ಬರ್ತದಾ?"

"ಬರುತ್ತೆ ಸಾಕಮ್ಮ."

"ಈ ವಯಸ್ನಾಗೆ ಜನ ನಗಲ್ವಾ?"

"ನಗ್ತಾರೆ. ನಮ್ಮನ್ನ ನೋಡಿಯೂ ನಕ್ಕರು. ನಾವೂ ನಕ್ಕೆವು."

ಭಾನುವಾರ ನಾನೂ ತುಂಗಾಳೂ ಸಾಕ್ಷಿಗೆ ಹೋದೆವು. ಹೊರಗೆ ನೋಡಲು ಯಾರೂ ನಿಂತಿರಲಿಲ್ಲ, ಊರಿಗೆ ಆಗಲೇ ಅಭ್ಯಾಸವಾಗಿತ್ತು. ಲಕ್ಕವ್ವ ಕೋಲೂರಿಕೊಂಡು ಮೆಟ್ಟಿಲು ಹತ್ತಲು ಹತ್ತು ನಿಮಿಷ ಹಿಡಿಯಿತು. ಎರಡೂ ಮಂಡಿ ಊದಿಕೊಂಡಿದ್ದವು. ಅವರು ಹೆಬ್ಬೆಟ್ಟು ಒತ್ತಿದರು, ಸಾಕಮ್ಮ ಅಕ್ಷರ ಕೂಡಿಸಿ ಕೂಡಿಸಿ ಸಹಿ ಹಾಕಿದರು. ಕೋಲು ಕೈಯಿಂದ ಜಾರಿ ಟಪ್ಪೆಂದು ಬಿತ್ತು. ಇಬ್ಬರೂ ಮೇಲೆ ಹೋದರು. ನಮಗಿಂತಲೂ ಮೇಲೆ. ರಿಜಿಸ್ಟ್ರಾರರು ಕುರ್ಚಿಯ ಮೇಲೆ ನಿಂತು ಅವರ ಸೀರೆಯ ಅಂಚು ಹಿಡಿದರು.

ಲಕ್ಕವ್ವ ಕಾಲು ಅಲ್ಲಾಡಿಸಿ ನೋಡಿದರು. ಒಂದು ಕಾಲು, ಆಮೇಲೆ ಇನ್ನೊಂದು. "ಏ ಸಾಕೀ" ಎಂದು ಕಿರುಚಿದರು. "ನೋವಿಲ್ಲ ಕಣೇ! ಮಂಡಿ ನೋಯ್ತಾನೇ ಇಲ್ಲ ಕಣೇ!"

ಸೋಮವಾರ ಸಾಕಮ್ಮ ಮರಳಿನ ಚೀಲ ಕಟ್ಟಿಕೊಂಡು ಮ್ಯಾನೇಜರ ಕೋಣೆಗೆ ಹೋದರು, ಲಕ್ಕವ್ವನನ್ನು ಹಗ್ಗದಲ್ಲಿ ಎಳೆದುಕೊಂಡೇ. ಮೂವತ್ತಮೂರು ವರ್ಷದಲ್ಲಿ ಅವರು ಕೊಟ್ಟ ಮೊದಲ ರಜೆ ಅರ್ಜಿ ಅದು, ಬರೆದುಕೊಟ್ಟವಳು ನಾನು, ಹಾಗಾಗಿ ಜೊತೆಗೆ ನಿಂತಿದ್ದೆ. ಶಾಮಣ್ಣನವರು ಓದಿದರು. ಕತ್ತೆತ್ತಿ ಸಾಕಮ್ಮನನ್ನು ನೋಡಿದರು, ಸೂರಿಗೆ ಒರಗಿ ಕಾಲಾಡಿಸುತ್ತಿದ್ದ ಲಕ್ಕವ್ವನನ್ನು ನೋಡಿದರು. ಪೆನ್ನಿನ ಮುಚ್ಚಳ ತೆಗೆದರು.

"ನಿವೃತ್ತಿ ಹತ್ತಿರ ಇದೆ, ಒಲೆ ಹತ್ರ ಬೇರೆ ಜನ ಇಲ್ಲ" ಎಂದರು ಮೆಲ್ಲಗೆ, ಕೇಳಿಕೊಳ್ಳುವವರಂತೆ. "ಒಂದು ಹತ್ತು ದಿನ ಸಾಕಾಗಲ್ವೇ ಸಾಕಮ್ಮ?"

ಸಾಕಮ್ಮ ಲಕ್ಕವ್ವನ ಮುಖ ನೋಡಿದರು. ಲಕ್ಕವ್ವ ಮೇಲಿನಿಂದಲೇ ತಲೆಯಲ್ಲಾಡಿಸಿದರು.

"ಇಪ್ಪತ್ತೊಂದೂ ಬೇಕು" ಎಂದರು ಸಾಕಮ್ಮ.